ಹಳೇ ಪಿಕಪ್ಪಿನ ಹಿಂದಿನ ಗ್ಲಾಸು

ಶ್ರೀನಿವಾಸಪುರ ತಾಲ್ಲೂಕಿನ ಗಡಿ ಹೋಬಳಿ ರಾಯಲ್ಪಾಡು. ಆಚೆಗೆ ಆಂಧ್ರ. ಮೇ ನಡುವಿನಿಂದ ಜುಲೈವರೆಗೆ ಈ ಸೀಮೆಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಮಾವಿನ ಮಾತೇ. ಬಾದಾಮಿ, ರಸಪುರಿ, ಬೇನಿಷಾ ಮಂಡಿಗೆ ಹೋದರೆ, ತೋತಾಪುರಿಯ ದೊಡ್ಡ ಪಾಲು ಚಿತ್ತೂರಿನ ಪಲ್ಪ್ ಕಾರ್ಖಾನೆಗಳ ದಾರಿ ಹಿಡಿಯುತ್ತದೆ. ಇನ್ನು ಟೊಮೆಟೊ. ಅದರ ಬಾಕ್ಸುಗಳು ಕೋಲಾರದ ಎಪಿಎಂಸಿಗೂ ಹೋಗುತ್ತವೆ, ಮದನಪಲ್ಲಿಗೂ ಹೋಗುತ್ತವೆ. ಇಷ್ಟನ್ನೂ ಹೊರುವುದು ಮಿನಿ ಲಾರಿ, ಪಿಕಪ್ಪುಗಳು. 1986ರಲ್ಲಿ ಬಂದ ಟಾಟಾ 407, 1988ರ ಟಾಟಾಮೊಬೈಲ್ ಕಾಲದಿಂದ ಈ ಜಾತಿಯ ಗಾಡಿಗಳು ರೈತರ ಬದುಕಿಗೆ ಅಂಟಿಕೊಂಡಿವೆ.

ಇಂಥ ಗಾಡಿಗಳಲ್ಲಿ ಕೆಲವಕ್ಕೆ ಡ್ರೈವರ್ ಬೆನ್ನ ಹಿಂದೆ ಸರಿಯುವ ಗ್ಲಾಸು ಇರುತ್ತದೆ. ಕ್ಯಾಬಿನ್ ಮರುಕಟ್ಟಿಸುವಾಗ ಹೇಳಿ ಹಾಕಿಸಿಕೊಂಡವರೂ ಉಂಟು. ಏಸಿ ಇಲ್ಲದ ಕ್ಯಾಬಿನ್ನಿಗೆ ಅದೇ ಗಾಳಿಯ ದಾರಿ. ಹಿಂದೆ ಕೂತ ಹಮಾಲಿಯ ಕೂಗು ಕೇಳುವುದೂ, ಹಗ್ಗ ಸಡಿಲಾದರೆ ಗೊತ್ತಾಗುವುದೂ ಅಲ್ಲಿಂದಲೇ. ಕಾರ್ಖಾನೆ ಬಾಗಿಲಲ್ಲಿ ಗಂಟೆಗಟ್ಟಲೆ ಸಾಲು ನಿಲ್ಲುವಾಗ ಅದರ ಬೆಲೆ ತಿಳಿಯುತ್ತದೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಹೊರ ರಾಜ್ಯದ ತೋತಾಪುರಿಯನ್ನು ತಡೆದ ದಿನಗಳಲ್ಲಿ ಗಡಿ ದಾಟಲಾಗದ ಗಾಡಿಗಳಲ್ಲಿ ಕೂತವರ ಪಾಡನ್ನು ಯೋಚಿಸಿ ನೋಡಿ. ಆ ಬಿಸಿಲಲ್ಲಿ ಗ್ಲಾಸು ಜಾಮ್ ಆಗಿದ್ದರೆ ಕ್ಯಾಬಿನ್ ಒಲೆಯೇ ಸರಿ.

ಗ್ಯಾರೇಜುಗಳಲ್ಲಿ ಎಂಜಿನ್ ಮೇಸ್ತ್ರಿಗೆ ಸಿಗುವ ಮರ್ಯಾದೆ ಗ್ಲಾಸ್ ಕೆಲಸದವರಿಗೆ ಸಿಗುವುದಿಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಜಾಮ್ ಆದ ಗ್ಲಾಸನ್ನು ಒಡೆಯದೆ ಸರಿಸುವುದಕ್ಕೆ ಬಲ ಸಾಲದು, ಅದು ಯಾಕೆ ನಿಂತಿದೆ ಎಂದು ಓದುವ ಕಣ್ಣು ಬೇಕು.

ಗ್ಲಾಸು ಓಡಾಡುವುದು ಚಾನಲ್ಲಿನಲ್ಲಿ. ಅದರೊಳಗೆ ಮೆತ್ತನೆಯ ಫೆಲ್ಟ್ ಪಟ್ಟಿ, ಸುತ್ತ ರಬ್ಬರ್ ಬೀಡಿಂಗ್. ತೋಟದ ಕೆಮ್ಮಣ್ಣಿನ ಧೂಳು ಫೆಲ್ಟಿಗೆ ಇಳಿಯುತ್ತದೆ, ಮಳೆ ಬಿದ್ದಾಗ ಕೆಸರಾಗುತ್ತದೆ, ಒಣಗಿದಾಗ ಗಾರೆಯಂತೆ ಗಟ್ಟಿ ಹಿಡಿಯುತ್ತದೆ. ಕೆಳಗಿನ ಚಾನಲ್ಲಿನಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕಟ್ಟಿಕೊಂಡರೆ ನೀರು ನಿಂತು ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಗ್ಲಾಸಿಗೆ ಜಾಗವೇ ಉಳಿಯುವುದಿಲ್ಲ. ಮಿತಿ ಮೀರಿದ ಲೋಡು, ಗುಂಡಿ ರಸ್ತೆ ಸೇರಿ ಕ್ಯಾಬಿನ್ ಸ್ವಲ್ಪ ತಿರುಚಿಕೊಂಡರೂ ಸಾಕು, ಚಾನಲ್ ಒಂದು ಕಡೆ ಗ್ಲಾಸನ್ನು ಕಚ್ಚುತ್ತದೆ. ಹಿಂದೊಮ್ಮೆ ಯಾರೋ ನಾಲ್ಕು ಮಿಲಿಮೀಟರಿನ ಜಾಗಕ್ಕೆ ಐದು ಮಿಲಿಮೀಟರಿನ ಗ್ಲಾಸು ತುರುಕಿರುವುದೂ ಇರಬಹುದು.

ಗ್ಲಾಸು ಬಿಗಿಯಾದರೆ ಎಲ್ಲರೂ ಮೊದಲು ಮಾಡುವ ಕೆಲಸವೆಂದರೆ ಗ್ರೀಸೋ ಎಂಜಿನ್ ಆಯಿಲ್ಲೋ ಹಚ್ಚುವುದು. ಎರಡು ದಿನ ಸಲೀಸಾಗಿ ಓಡುತ್ತದೆ. ಆಮೇಲೆ ಅದೇ ಎಣ್ಣೆ ಇನ್ನಷ್ಟು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಕೆಲಸ ಬಲ್ಲವರು ಒಣ ಬ್ರಷ್ಷಿನಿಂದ ಶುರು ಮಾಡುತ್ತಾರೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಬಟ್ಟೆ ಸುತ್ತಿದ ಬಿದಿರು ಕಡ್ಡಿ, ಆಮೇಲೆ ಸೋಪಿನ ನೀರು. ತೂತುಗಳನ್ನು ತಂತಿಯಿಂದ ಬಿಡಿಸಿ ಒಂದು ಲೋಟ ನೀರು ಹೊಯ್ಯುತ್ತಾರೆ, ಅದು ಹೊರಗೆ ಸುರಿದರೆ ದಾರಿ ತೆರೆದಂತೆ. ಪೂರ್ತಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ. ಬಹಳಷ್ಟು ಗ್ಲಾಸುಗಳು ಇಷ್ಟಾದರೆ ಎರಡು ಬೆರಳಲ್ಲಿ ತಳ್ಳಿದರೂ ಸರಿಯುತ್ತವೆ.

ಸರಿಯದಿದ್ದರೆ ಇಡೀ ಚೌಕಟ್ಟು ಇಳಿಸಬೇಕು. ಇದು ಇಬ್ಬರ ಕೆಲಸ. ಒಳಗಿನವನು ಮರದ ಚಕ್ಕೆಯಿಂದ ರಬ್ಬರಿನ ತುಟಿ ಬಿಡಿಸುತ್ತ ಬರುತ್ತಾನೆ, ಹೊರಗಿನವನು ಅಂಗೈಯಲ್ಲಿ ಆತುಕೊಳ್ಳುತ್ತಾನೆ. ಕಬ್ಬಿಣದ ಮೊನೆ ಗ್ಲಾಸಿನ ಅಂಚಿಗೆ ತಗಲಬಾರದು. ಟಫನ್ಡ್ ಗ್ಲಾಸನ್ನು ಕಾಯಿಸಿ ಗಾಳಿಯಿಂದ ಥಟ್ಟನೆ ತಣಿಸಿರುತ್ತಾರೆ. ಮೈ ಗಟ್ಟಿಯಾದರೂ ಅಂಚಿಗೆ ಪೆಟ್ಟು ಬಿದ್ದರೆ ಇಡೀ ಗ್ಲಾಸು ಕಾಳು ಕಾಳಾಗಿ ಉದುರುತ್ತದೆ. ಅದನ್ನು ಆಮೇಲೆ ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಹೊಸದು ಬೇಕೆಂದರೆ ಅಳತೆ ಕೊಟ್ಟು ಮಾಡಿಸಬೇಕು. ಕಡಿಮೆಗೆ ಸಿಗುತ್ತದೆಂದು ಕಿಟಕಿಯ ಮಾಮೂಲಿ ಗಾಜು ಹಾಕಿಸುವುದು ಅಪಾಯ, ಅದು ಒಡೆದರೆ ಚೂರಿಯಂಥ ತುಂಡುಗಳು ಡ್ರೈವರ್ ಕತ್ತಿನ ಹಿಂದೆಯೇ ಇರುತ್ತವೆ. ಕೇಂದ್ರ ಮೋಟಾರು ವಾಹನ ನಿಯಮ ಹಿಂದಿನ ಗ್ಲಾಸಿನಲ್ಲೂ ಶೇ 70ರಷ್ಟು ಬೆಳಕು ಹಾಯಬೇಕೆನ್ನುತ್ತದೆ ಎಂಬುದೂ ನೆನಪಿರಲಿ.

ಮತ್ತೆ ಕೂರಿಸುವ ಕ್ರಮ ನೋಡುವಂಥದ್ದು. ರಬ್ಬರಿನ ಸೀಳಿನುದ್ದಕ್ಕೂ ಗಟ್ಟಿ ದಾರ ಸುತ್ತಿ ಎರಡೂ ತುದಿಗಳನ್ನು ಒಳಗೆ ಬಿಡುತ್ತಾರೆ. ಹೊರಗಿನವನು ಒತ್ತಿ ಹಿಡಿದಾಗ ಒಳಗಿನವನು ದಾರ ಎಳೆಯುತ್ತ ಹೋಗುತ್ತಾನೆ, ರಬ್ಬರಿನ ತುಟಿ ತಗಡಿನ ಅಂಚನ್ನು ತಾನೇ ಹತ್ತಿ ಕೂರುತ್ತದೆ. “ಅವಸರ ಬೇಡಣ್ಣ, ಮೂಲೇಲಿ ನಿಧಾನಕ್ಕೆ ಎಳಿ” ಅನ್ನುವ ಒಂದು ಮಾತಿನಲ್ಲೇ ಈ ವಿದ್ಯೆ ಹಿರಿಯರಿಂದ ಹುಡುಗರಿಗೆ ದಾಟುತ್ತದೆ.

ಗಾಡಿ ಇರುವವರಲ್ಲಿ ಒಂದು ಮನವಿ. ಕೊಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ, ಏಪ್ರಿಲ್‌ನಲ್ಲೇ ಗ್ಲಾಸು ಬಿಚ್ಚಿಸಿ ಚಾನಲ್ ತೊಳೆಸಿಬಿಡಿ. ಹಾಕಿದ ಸಾಮಾನು ಕಡಿಮೆ ಕಂಡಿತೆಂದು ಮೇಸ್ತ್ರಿಯ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.