ವಿಮಾನಾಪಘಾತಗಳಲ್ಲಿ ಭ್ರಮಣದ ದಿಕ್ಕು ಮತ್ತು ಪ್ರತ್ಯಕ್ಷದರ್ಶಿಯ ನೆಲೆ

ವಿಮಾನಾಪಘಾತದ ತನಿಖೆಯಲ್ಲಿ ಪ್ರತ್ಯಕ್ಷದರ್ಶಿಗಳ ಹೇಳಿಕೆಗಳು ಪರಸ್ಪರ ವಿರುದ್ಧವಾಗಿರುವುದು ಅಪರೂಪವಲ್ಲ. ಬೀಳುತ್ತಿದ್ದ ವಿಮಾನವು ಬಲಕ್ಕೆ ಸುತ್ತಿತೆಂದು ಒಬ್ಬರೂ ಎಡಕ್ಕೆ ಸುತ್ತಿತೆಂದು ಮತ್ತೊಬ್ಬರೂ ನುಡಿದಾಗ, ಒಂದು ಸಾಕ್ಷ್ಯ ಸುಳ್ಳೆಂದು ತೀರ್ಮಾನಿಸುವುದು ಅವಸರದ ನಿರ್ಣಯವಾದೀತು.

ರಾಗಿ ಬೀಸುವ ಕಲ್ಲು ಮೇಲಿನಿಂದ ನೋಡುವವರಿಗೆ ಪ್ರದಕ್ಷಿಣವಾಗಿ ತಿರುಗುತ್ತಿದ್ದರೆ, ಅಡಿಯಿಂದ ನೋಡಬಲ್ಲವರಿಗೆ ಅಪ್ರದಕ್ಷಿಣವಾಗಿ ಕಾಣುತ್ತದೆ. ವಿಮಾನದ ವಿಷಯದಲ್ಲಿಯೂ ಇದೇ ನ್ಯಾಯ ಅನ್ವಯಿಸುತ್ತದೆ. ಚಾಲಕನ ಎಡಕ್ಕೆ ಮೂಗು ತಿರುಗಿಸುತ್ತ ಇಳಿಯುವ ವಿಮಾನವು ಮೇಲಿನಿಂದ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಕೃಷ್ಣರಾಜನಗರದ ಗದ್ದೆಯ ಬದುವಿನಲ್ಲಿ ನಿಂತು ತಲೆಯೆತ್ತಿ ನೋಡುವ ರೈತನಿಗೆ ಅದು ಪ್ರದಕ್ಷಿಣವಾಗಿಯೇ ಕಾಣಬೇಕು. ರೆಕ್ಕೆಗಳ ಉರುಳುವಿಕೆಯೂ ಹೀಗೆಯೇ: ಹಿಂದಿನಿಂದ ನೋಡುವವರಿಗೂ ಎದುರಿನಿಂದ ನೋಡುವವರಿಗೂ ದಿಕ್ಕು ವಿರುದ್ಧವಾಗಿರುತ್ತದೆ. ಬೆಳಗುವ ಆಕಾಶದ ಮುಂದೆ ವಿಮಾನವು ಕೇವಲ ಕಪ್ಪು ನೆರಳಾಗಿ ತೋರಿದಾಗ, ಯಾವ ರೆಕ್ಕೆ ಹತ್ತಿರದ್ದು ಎಂಬುದೇ ತಿಳಿಯದೆ ದಿಕ್ಕಿನ ಗ್ರಹಿಕೆ ತಲೆಕೆಳಗಾಗಬಹುದು. ಇದಲ್ಲದೆ, 3 ಕಿ.ಮೀ. ದೂರದ ಸದ್ದು ಕಿವಿಗೆ ಮುಟ್ಟಲು ಸುಮಾರು 9 ಸೆಕೆಂಡು ಬೇಕಾಗುವುದರಿಂದ, ಸದ್ದು ಕೇಳಿ ತಲೆಯೆತ್ತಿದವರು ಘಟನೆಯ ಆರಂಭವನ್ನು ಕಂಡಿರುವುದೇ ಇಲ್ಲ.

ಈ ಭೇದವು ಕೇವಲ ಶಾಸ್ತ್ರಚರ್ಚೆಯಲ್ಲ. ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ನಿಂತರೆ ಮೂಗು ನಿಂತ ಎಂಜಿನ್‌ನ ಕಡೆಗೆ ಎಳೆಯಲ್ಪಡುತ್ತದೆ. ಆದುದರಿಂದ ದಿಕ್ಕನ್ನು ತಪ್ಪಾಗಿ ಅರ್ಥೈಸಿದರೆ ಸುಸ್ಥಿತಿಯಲ್ಲಿದ್ದ ಎಂಜಿನ್‌ನ ಮೇಲೆ ಸಂಶಯ ಹೊರಳೀತು. 2009ರ ಮಾರ್ಚ್ 6ರಂದು ಬಿಡದಿಯ ಸಮೀಪ ‘ಸರಸ್’ ವಿಮಾನದ ಎರಡನೆಯ ಮಾದರಿ ಪತನಗೊಂಡು ವಾಯುಪಡೆಯ ಮೂವರು ಮೃತಪಟ್ಟರು. ಹಾರಾಟದಲ್ಲಿಯೇ ಎಂಜಿನ್ ಒಂದನ್ನು ನಿಲ್ಲಿಸಿ ಮರಳಿ ಚಾಲನೆಗೊಳಿಸುವ ಪರೀಕ್ಷೆ ಅಂದು ನಡೆದಿತ್ತು. ಇಂತಹ ಸಂದರ್ಭಗಳಲ್ಲಿ ನೆಲದ ಮೇಲಿನವರ ‘ಎಡ’, ‘ಬಲ’ಗಳನ್ನು ಚಾಲಕನ ಎಡಬಲಗಳೆಂದು ನೇರವಾಗಿ ಗ್ರಹಿಸುವಂತಿಲ್ಲ. 2019ರ ಫೆಬ್ರುವರಿ 19ರಂದು ಯಲಹಂಕದಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಡಿಕ್ಕಿಯಾಗಿ ಚಾಲಕರೊಬ್ಬರು ಮಡಿದ ದುರಂತದಂತಹ ಘಟನೆಗಳಲ್ಲಿ ದೃಶ್ಯಮುದ್ರಣಗಳು ದೊರೆತರೂ, ಕ್ಯಾಮೆರಾ ಇದ್ದ ಸ್ಥಳವನ್ನು ಗುರುತಿಸದೆ ಅವನ್ನು ಓದಲಾಗದು.

ಆದಕಾರಣ ಸಾಕ್ಷಿಯು ನಿಂತ ಸ್ಥಳ, ಮುಖ ಮಾಡಿದ ದಿಕ್ಕು, ವಿಮಾನ ಕಂಡ ಎತ್ತರ ಇವುಗಳನ್ನು ಮೊದಲು ದಾಖಲಿಸಿ, ಪುಟ್ಟ ಮಾದರಿಯೊಂದನ್ನು ಕೈಗಿತ್ತು ಕಂಡದ್ದನ್ನು ಅದೇ ಸ್ಥಳದಲ್ಲಿ ತೋರಿಸುವಂತೆ ಕೇಳುವುದು ಯುಕ್ತ. ಹಾಗೆ ಮಾಡಿದಲ್ಲಿ ವಿರುದ್ಧವೆನಿಸಿದ ಎರಡು ಹೇಳಿಕೆಗಳು ಒಂದೇ ಸತ್ಯದ ಎರಡು ಮುಖಗಳಾಗಿ ಹೊಂದಿಕೊಳ್ಳಬಹುದು. ಕಂಡದ್ದನ್ನು ಕಂಡಂತೆ ನುಡಿದ ಹಳ್ಳಿಗನು ಸುಳ್ಳುಗಾರನೆನಿಸುವ ಅನ್ಯಾಯವೂ ತಪ್ಪೀತು.