‘ಅನುಮತ’ ಶಬ್ದವೂ ಮುಕ್ತತಂತ್ರಾಂಶಗಳ ಸಮ್ಮತಿಲೇಖನವೂ

ಕವಿರಾಜಮಾರ್ಗದ ಪರಿಚ್ಛೇದಾಂತ್ಯದ ಗದ್ಯಗಳಲ್ಲಿ ಆ ಗ್ರಂಥವನ್ನು ‘ನೃಪತುಂಗದೇವಾನುಮತ’ವೆಂದು ಹೇಳಿರುವುದು ವಿದ್ವಾಂಸರಿಗೆ ತಿಳಿದ ಸಂಗತಿಯೇ. 1898ರಲ್ಲಿ ಅದನ್ನು ಪ್ರಕಟಿಸಿದ ಕೆ. ಬಿ. ಪಾಠಕರು ನೃಪತುಂಗನನ್ನೇ ಕರ್ತೃವೆಂದು ಗ್ರಹಿಸಿದರು. ಅನುಮತವೆಂದರೆ ಒಪ್ಪಲ್ಪಟ್ಟುದು, ರಚಿಸಲ್ಪಟ್ಟುದಲ್ಲ; ಆದುದರಿಂದ ಒಪ್ಪಿದವನು ಅರಸನಾದರೆ ಬರೆದವನು ಬೇರೊಬ್ಬನಿರಬೇಕೆಂದು ಅನಂತರದ ಪಂಡಿತರು ವಾದಿಸಿ ಶ್ರೀವಿಜಯನ ಹೆಸರನ್ನು ಮುಂದಿಟ್ಟರು. ಎಂ. ವಿ. ಸೀತಾರಾಮಯ್ಯನವರ ಆವೃತ್ತಿಯು ಶ್ರೀವಿಜಯಕೃತವೆಂಬ ನಿರ್ದೇಶದಿಂದಲೇ ಹೊರಬಂದಿತು. ಇಷ್ಟಾದರೂ ಅರಸನು ಒಪ್ಪಿದುದು ಗ್ರಂಥದ ಪ್ರತಿಯೊಂದು ಲಕ್ಷಣವನ್ನೋ, ಅದರ ಒಟ್ಟು ಮತವನ್ನೋ ಎಂಬುದನ್ನು ಆ ಶಬ್ದವು ತಿಳಿಸುವುದಿಲ್ಲ.

ಕರ್ತೃ, ಅನುಮಂತೃ, ಅನುಮತವಾದ ಪಾಠ ಎಂಬ ಈ ಮೂರರ ವಿವೇಕವು ಇಂದು ಗಣಕಯಂತ್ರಗಳ ಲೋಕದಲ್ಲಿ ನಿತ್ಯಕೃತ್ಯವಾಗಿದೆ. ಮುಕ್ತತಂತ್ರಾಂಶವೆಂದರೆ ಯಾರು ಬೇಕಾದರೂ ಅದರ ಮೂಲಪಾಠವನ್ನು, ಎಂದರೆ ಕೋಡನ್ನು, ಓದಿ ತಿದ್ದಿ ಹಂಚಬಹುದಾದ ತಂತ್ರಾಂಶ. ಜಾಲಪುಟಗಳಲ್ಲಿ ಭಾರತೀಯ ಭಾಷೆಗಳನ್ನು ಬರೆಯಲು ವಿಕಿಮೀಡಿಯದವರು ಸಿದ್ಧಪಡಿಸಿದ ಜೆಕ್ವೆರಿ ಐಎಂಇ ಇಂಥದೊಂದು, ಕೆ. ಪಿ. ರಾವ್ ಅವರ ಕನ್ನಡ ಕೀಲಿಮಣೆಯ ವಿನ್ಯಾಸವೂ ಅದರಲ್ಲಿ ಸೇರಿದೆ. ಬೆಂಗಳೂರಿನ ಗಿರಿನಗರದ ಮನೆಯೊಂದರಲ್ಲಿ ಕುಳಿತು ಒಬ್ಬನು ಅದರ ಅರ್ಕಾವೊತ್ತಿನ ನಿಯಮವನ್ನು ತಿದ್ದಿ ಕಳುಹಿಸಿದನೆಂದು ಭಾವಿಸಿದರೆ, ಆ ತಿದ್ದುಪಡಿಯು ಪಾಲಕರ ಒಪ್ಪಿಗೆಯನ್ನು ಪಡೆದ ಹೊರತು ಇತರರ ಬಳಕೆಗೆ ಬಾರದು. ತಿದ್ದಿದವನು ಪರಿಚಿತನಾಗಿರಬೇಕೆಂಬ ನಿಯಮವಿಲ್ಲ. ತಪ್ಪಾದರೆ ಬರೆಯುವವರೆಲ್ಲರ ಬರಹವೂ ಕೆಡುವುದು. ಹೀಗಾಗಿ ಯಾರು ಏನನ್ನು ಒಪ್ಪಿದರೆಂಬುದಕ್ಕೆ ಲೇಖನರೂಪವಾದ ಸಾಕ್ಷ್ಯ ಬೇಕಾಗುತ್ತದೆ.

ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ಎಂಬ ದಾಖಲೆವ್ಯವಸ್ಥೆಯು ಪ್ರತಿಯೊಂದು ತಿದ್ದುಪಡಿಯಲ್ಲಿಯೂ ಬರೆದವನ ಹೆಸರನ್ನೂ ಅದನ್ನು ದಾಖಲೆಗೆ ಸೇರಿಸಿದವನ ಹೆಸರನ್ನೂ ಬೇರೆಬೇರೆ ಪಂಕ್ತಿಗಳಲ್ಲಿ, ಬೇರೆಬೇರೆ ಕಾಲಗಳೊಡನೆ ಇಡುತ್ತದೆ. ರಾಷ್ಟ್ರಕೂಟರ ಲಿಪಿಕಾರರು ಈ ಕ್ರಮವನ್ನು ಅನುಸರಿಸಿದ್ದರೆ ಅರ್ಧ ವಾದವೇ ಉಳಿಯುತ್ತಿರಲಿಲ್ಲ! ಆದರೆ ಸೇರಿಸಿದವನು ಪರೀಕ್ಷಿಸಿಯೇ ಸೇರಿಸಿದನೆಂದು ಇದರಿಂದ ಸಿದ್ಧವಾಗದು. ಆ ಕೊರತೆಯನ್ನು ಲಿನಕ್ಸ್ ಕರ್ನಲ್ಲಿನವರು ತಿದ್ದುಪಡಿಯ ವಿವರಣೆಯ ಕೊನೆಯಲ್ಲಿ ಬರೆಯುವ ಸಮಾಪ್ತಿವಾಕ್ಯಗಳಿಂದ ತುಂಬಿಕೊಂಡಿದ್ದಾರೆ.

ಅವುಗಳಲ್ಲಿ ‘ಸೈನ್ಡ್-ಆಫ್-ಬೈ’ ಎಂಬುದು 2004ರಲ್ಲಿ ಬಳಕೆಗೆ ಬಂದಿತು. ಹಿಂದಿನ ವರ್ಷ ಎಸ್‌ಸಿಒ ಎಂಬ ಸಂಸ್ಥೆಯು ಐಬಿಎಂ ಮೇಲೆ ಹೂಡಿದ ದಾವೆಯಲ್ಲಿ, ಲಿನಕ್ಸಿನೊಳಗೆ ಪರಸ್ವತ್ತಾದ ಕೋಡ್ ಸೇರಿದೆಯೆಂಬ ವಾದವೆದ್ದಿತ್ತು. ಆದಕಾರಣ ಈ ವಾಕ್ಯವು ಗುಣಪರೀಕ್ಷೆಯನ್ನು ಹೇಳುವುದಿಲ್ಲ. ಇದನ್ನು ಕೊಡಲು ತನಗೆ ಹಕ್ಕುಂಟೆಂಬ ಪ್ರಮಾಣ ಮಾತ್ರ. ಕೈಯಿಂದ ಕೈಗೆ ದಾಟಿಸಿದವರೆಲ್ಲರೂ ತಮ್ಮ ಹೆಸರನ್ನು ಕ್ರಮವಾಗಿ ಕೂಡಿಸುವುದರಿಂದ ಇದು ಗುರುಪರಂಪರೆಯ ಪಟ್ಟಿಯನ್ನು ಹೋಲುತ್ತದೆ. ‘ಆಕ್ಡ್-ಬೈ’ ಎಂಬುದು ಸಂಬಂಧಪಟ್ಟ ಭಾಗದ ಪಾಲಕನ ಸಮ್ಮತಿ. ಅದು ಒಂದು ಭಾಗಕ್ಕಷ್ಟೇ ಸಲ್ಲಬಹುದು. ‘ಟೆಸ್ಟೆಡ್-ಬೈ’ ಎಂದರೆ ಯಂತ್ರದಲ್ಲಿ ನಡೆಯಿಸಿ ನೋಡಿದವನ ಸಾಕ್ಷ್ಯ. ‘ರಿವ್ಯೂಡ್-ಬೈ’ ಎಂಬುದೊಂದೇ ಓದಿ ವಿಮರ್ಶಿಸಿದುದರ ಹೇಳಿಕೆ. ಅದಕ್ಕೆ ಸೇರಿದ ಪ್ರತಿಜ್ಞಾಲೇಖದಲ್ಲಿಯೂ ತಿದ್ದುಪಡಿಯು ಹೇಳಿದಂತೆಯೇ ನಡೆಯುವುದೆಂಬ ಭರವಸೆಯನ್ನು ವಿಮರ್ಶಕನು ಕೊಡುವುದಿಲ್ಲವೆಂದು ಸ್ಪಷ್ಟಪಡಿಸಿದೆ. ಶಬ್ದಕ್ಕೆ ಎಷ್ಟು ಭಾರವನ್ನು ಹೊರಿಸಬಹುದೆಂಬುದನ್ನು ಮೊದಲೇ ನಿಶ್ಚಯಿಸಿರುವ ಈ ಎಚ್ಚರಿಕೆಯು ನಮ್ಮ ಗ್ರಂಥಸಂಪಾದಕರಿಗೂ ಅನುಕರಣೀಯವಾದುದು.

ಒಪ್ಪಿದ ಮೇಲೆ ಪಾಠವೇ ಬದಲಾದರೆ ಒಪ್ಪಿಗೆಯ ಗತಿಯೇನು? ಬದಲಾವಣೆ ಗಣನೀಯವಾಗಿದ್ದರೆ ಹಳೆಯ ‘ರಿವ್ಯೂಡ್-ಬೈ’ ವಾಕ್ಯವನ್ನು ತೆಗೆದುಹಾಕಬೇಕೆಂಬುದು ಕರ್ನಲ್ಲಿನ ವಿಧಿ. ಗಿಟ್‌ಹಬ್‌ನಲ್ಲಿಯೂ ಹೊಸ ತಿದ್ದುಪಡಿ ಬಂದೊಡನೆ ಹಿಂದಿನ ಸಮ್ಮತಿಯು ತಾನಾಗಿ ರದ್ದಾಗುವಂತೆ ಏರ್ಪಡಿಸಿಕೊಳ್ಳಬಹುದು. ಆದರೆ ಅಲ್ಲಿ ಗುಂಡಿಯೊತ್ತಿ ಕೊಟ್ಟ ಸಮ್ಮತಿಯು ಗಿಟ್ಟಿನ ಚರಿತ್ರೆಯೊಳಕ್ಕೆ ಇಳಿಯದೆ ಆ ಸಂಸ್ಥೆಯ ದಾಖಲೆಗಳಲ್ಲಿಯೇ ನಿಲ್ಲುತ್ತದೆ. ಪ್ರತಿಮಾಡಿಕೊಂಡವನ ಕೈಗೆ ಗ್ರಂಥ ಬರುವುದು, ಒಪ್ಪಿಗೆ ಬಾರದು. ಹಾಗೆಂದು ಒಪ್ಪಿಗೆಯನ್ನು ಅನಂತರ ವಿವರಣೆಯೊಳಗೆ ಸೇರಿಸಹೊರಟರೆ ಬೇರೊಂದು ತೊಡಕು: ಗಿಟ್ ಪ್ರತಿ ತಿದ್ದುಪಡಿಗೂ ಅದರ ಪಾಠ, ವಿವರಣೆ, ಪೂರ್ವಚರಿತ್ರೆಗಳೆಲ್ಲವನ್ನೂ ಲೆಕ್ಕಹಾಕಿ ಒಂದು ಗುರುತನ್ನು ಕೊಡುವುದರಿಂದ ಒಂದಕ್ಷರವನ್ನು ಕೂಡಿಸಿದರೂ ಆ ಗುರುತು ಬೇರೆಯಾಗುವುದು. ಗೆರಿಟ್ ಎಂಬ ವಿಮರ್ಶಾವ್ಯವಸ್ಥೆಯು ಸಮ್ಮತಿಗಳನ್ನು ಗಿಟ್ಟಿನೊಳಗೇ ಪ್ರತ್ಯೇಕ ಟಿಪ್ಪಣಿಗಳಾಗಿ ಇಡಬಲ್ಲದು. ಮೂಲವನ್ನು ಮುಟ್ಟದೆ ಅಂಚಿನಲ್ಲಿ ಬರೆದ ಟೀಕೆಯಂತೆ. ಇದೇ ಹೆಚ್ಚು ಸಮಂಜಸವಾದ ಮಾರ್ಗವೆಂದು ತೋರುತ್ತದೆ.

ಈ ಲೇಖನಕ್ರಮಗಳಿಗೆ ನಿಲುಕದ ವಂಚನೆಯೊಂದು 2024ರಲ್ಲಿ ಬಯಲಾಯಿತು. ಕಡತಗಳನ್ನು ಸಂಕೋಚಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶಕ್ಕೆ ‘ಜಿಯಾ ತಾನ್’ ಎಂಬ ಹೆಸರಿನವನು ಸುಮಾರು ಎರಡು ವರ್ಷ ಸಹಾಯಮಾಡಿ ವಿಶ್ವಾಸವನ್ನು ಗಳಿಸಿ ಪಾಲಕನೂ ಆದನು. ಅನಂತರ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಹುದುಗಿಸಿದನು. ಹೆಸರು ದಾಖಲೆಯಲ್ಲಿತ್ತು, ಅದರ ಹಿಂದಿದ್ದ ವ್ಯಕ್ತಿ ಯಾರೆಂಬುದು ದಾಖಲೆಯಲ್ಲಿರಲಿಲ್ಲ. ದೂರದ ಯಂತ್ರವನ್ನು ಪ್ರವೇಶಿಸಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಕಾಲ ಹಿಡಿಯುತ್ತಿದ್ದುದನ್ನು ಗಮನಿಸಿದ ಆಂಡ್ರೆಸ್ ಫ್ರಾಯ್ಂಡ್ ಎಂಬವರು ಕಾರಣವನ್ನು ಅರಸುತ್ತ ಹೋಗಿ ಮಾರ್ಚ್ 29ರಂದು ಇದನ್ನು ಪ್ರಕಟಪಡಿಸಿದರು. ಪಾಠಶೋಧನೆಯನ್ನು ಬಲ್ಲವರಿಗೆ ಇದರಲ್ಲಿ ವಿಶೇಷವಾಗಿ ಕಾಣುವ ಅಂಶವು ಮತ್ತೊಂದಿದೆ. ಕಳ್ಳಬಾಗಿಲಿನ ತಿರುಳು ಪರೀಕ್ಷಾಕಡತಗಳ ವೇಷದಲ್ಲಿ ಎಲ್ಲರಿಗೂ ಕಾಣುವ ಗಿಟ್ ದಾಖಲೆಯಲ್ಲಿಯೇ ಇದ್ದಿತು. ಆದರೆ ಅದನ್ನು ಎಬ್ಬಿಸುವ ಕೆಲವು ಪಂಕ್ತಿಗಳು ಅಲ್ಲಿರದೆ, ಹಂಚುವುದಕ್ಕಾಗಿ ಬೇರೆಯಾಗಿ ಕಟ್ಟಿದ ಪ್ರತಿಯಲ್ಲಿ ಮಾತ್ರ ಇದ್ದವು.