ಮದ್ದು, ಗುಂಡು ಮತ್ತು ಒಂದು ಚೂರು ಬಟ್ಟೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಕ್ರಿಸ್‌ಮಸ್ ಮುಗಿಯುತ್ತಲೇ ಚಕಮಕಿ ಕೋವಿಯವರಿಗೆಂದು ಒಂದು ಬೇಟೆಯ ಋತು ತೆರೆದುಕೊಳ್ಳುತ್ತದೆ. 1974ರಲ್ಲಿ ಶುರುವಾದ ಏರ್ಪಾಡು ಇದು. ತೋಟಾ ಕೋವಿಗಳ ಗದ್ದಲವೆಲ್ಲ ಅಡಗಿದ ಮೇಲೆ, ಹಿಮ ಬಿದ್ದ ಕಾಡಿಗೆ, ಇನ್ನೂರೈವತ್ತು ವರ್ಷ ಹಿಂದಿನ ಮಾದರಿಯ ಕೋವಿ ಹೊತ್ತು ಜನ ಹೋಗುತ್ತಾರೆ. ಕೈಯಲ್ಲಿರುವುದು ಒಂದೇ ಒಂದು ಗುಂಡು. ತಪ್ಪಿದರೆ ಮತ್ತೆ ಮದ್ದು ಸುರಿದು, ಗುಂಡು ಜಡಿದು ಸಿದ್ಧವಾಗುವಷ್ಟರಲ್ಲಿ ಜಿಂಕೆ ಪಕ್ಕದ ಗುಡ್ಡದಾಚೆ ಇರುತ್ತದೆ.

ಬಾಯಿಯಿಂದ ಮದ್ದು ತುಂಬುವ ಕೋವಿ ನಮ್ಮ ಮಲೆನಾಡು, ಕೊಡಗಿನವರಿಗೆ ಹೊಸದಲ್ಲ. ಕೇಪಿನ ಕೋವಿ ಎಂದು ನಾವು ಕರೆಯುವುದು ಅದರ ದಾಯಾದಿಯನ್ನೇ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆಗೆ ಗುರಿಯಿಡುವುದು ಅಪರಾಧ, ಅದು ಹಾಗೆಯೇ ಇರಲಿ. ಅಲ್ಲಿ ಬಿಳಿಬಾಲದ ಜಿಂಕೆಯ ಸಂಖ್ಯೆಯನ್ನು ಹತೋಟಿಯಲ್ಲಿಡಲು ಸರ್ಕಾರವೇ ಲೈಸೆನ್ಸು ಕೊಟ್ಟು, ಋತು ಗೊತ್ತುಮಾಡಿ, ಯಾರು ಎಷ್ಟು ಹೊಡೆಯಬಹುದೆಂದು ಲೆಕ್ಕ ಹಾಕಿ ಬೇಟೆಗಾರರನ್ನು ಕಾಡಿಗೆ ಬಿಡುತ್ತದೆ. ಇಲ್ಲಿ ನಾನು ಹೇಳಹೊರಟಿರುವುದು ಆ ಒಂದೇ ಗುಂಡಿನ ಹಿಂದಿರುವ ತಯಾರಿಯ ಬಗ್ಗೆ.

ಹದಿನೆಂಟನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತಮುತ್ತ ನೆಲೆಸಿದ ಜರ್ಮನ್ ಮೂಲದ ಕಮ್ಮಾರರು ಉದ್ದ ನಳಿಗೆಯ ರೈಫಲ್ಲನ್ನು ಹದಗೊಳಿಸಿದರು. ನಳಿಗೆಯ ಒಳಗೆ ಸುರುಳಿಯಾಗಿ ಗೀರು ಕೊರೆದಿರುತ್ತದೆ. ಗುಂಡು ಆ ಗೀರುಗಳ ಹಿಡಿತಕ್ಕೆ ಸಿಕ್ಕಿ ಬುಗುರಿಯಂತೆ ತಿರುಗುತ್ತಾ ಹೊರಬಿದ್ದರೆ ಮಾತ್ರ ನೆಟ್ಟಗೆ ಹೋಗುತ್ತದೆ. ಆದರೆ ಗೀರುಗಳಿಗೆ ಕಚ್ಚುವಷ್ಟು ದಪ್ಪದ ಸೀಸದ ಗುಂಡನ್ನು ಬಾಯಿಯಿಂದ ಕೆಳಗಿಳಿಸಬೇಕೆಂದರೆ ಸುತ್ತಿಗೆಯಿಂದ ಬಡಿಯಬೇಕು, ಬಡಿದರೆ ಗುಂಡಿನ ಆಕಾರ ಕೆಡುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಜಿಡ್ಡು ಹಚ್ಚಿದ ಬಟ್ಟೆಚೂರು. 50 ಕ್ಯಾಲಿಬರ್ ಅಂದರೆ ಒಳವ್ಯಾಸ ಅರ್ಧ ಅಂಗುಲ. ಅದಕ್ಕೆ ಹಾಕುವ ಗುಂಡಿನ ವ್ಯಾಸ ಸಾಮಾನ್ಯವಾಗಿ 0.490 ಅಂಗುಲ, ಸುತ್ತುವ ಬಟ್ಟೆಯ ದಪ್ಪ 0.015 ಅಂಗುಲದ ಆಸುಪಾಸು. ಎರಡೂ ಬದಿಯ ಬಟ್ಟೆ ಸೇರಿಸಿದರೆ 0.520. ಹೆಚ್ಚಾದ ಆ ಒಂದಿಷ್ಟು ಬಟ್ಟೆ ಗೀರುಗಳೊಳಗೆ ಒತ್ತಿಕೊಳ್ಳುತ್ತದೆ. ಗುಂಡನ್ನು ತಿರುಗಿಸುವುದು ಬಟ್ಟೆ, ಸೀಸ ಉಕ್ಕನ್ನು ಮುಟ್ಟುವುದೇ ಇಲ್ಲ. ದಿಂಬಿನ ಚೀಲಕ್ಕೆ ಬಳಸುವ ಒತ್ತು ನೇಯ್ಗೆಯ ಹತ್ತಿಬಟ್ಟೆ ಇದಕ್ಕೆ ಇಂದಿಗೂ ಮೆಚ್ಚಿನದು.

ಗುಂಡು ಆರಿಸುವಾಗ ಮೊದಲ ಮಾತು, ಅದು ಶುದ್ಧ ಸೀಸವಾಗಿರಬೇಕು. ಉಗುರಿನಿಂದ ಗೀಚಿದರೆ ಗೆರೆ ಬೀಳಬೇಕು. ಕಾರಿನ ಚಕ್ರಕ್ಕೆ ಹಾಕುವ ತೂಕದ ಬಿಲ್ಲೆ ಕರಗಿಸಿ ಎರಕ ಹೊಯ್ದ ಗುಂಡು ಗಟ್ಟಿಯಾಗುತ್ತದೆ, ಪ್ರಾಣಿಗೆ ತಾಗಿದಾಗ ಚಪ್ಪಟೆಯಾಗುವ ಗುಣ ಹೋಗುತ್ತದೆ. ದುಂಡು ಗುಂಡಿಗೆ ಇರುವುದೇ ಅದೊಂದು ಬಲ. ಇನ್ನೊಂದು ತೂಕ. ಅಮೆರಿಕದವರು ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ, ಹದಿನೈದೂವರೆ ಗ್ರೇನ್ ಸೇರಿದರೆ ಸುಮಾರು ಒಂದು ಗ್ರಾಂ. 45 ಕ್ಯಾಲಿಬರಿನ 0.440 ಗುಂಡು 128 ಗ್ರೇನ್, 50ರ ಗುಂಡು 177, 54 ಕ್ಯಾಲಿಬರಿನ 0.530 ಗುಂಡು 224. ವ್ಯಾಸ ಐದರಲ್ಲಿ ಒಂದು ಪಾಲು ಏರಿದರೆ ತೂಕ ಮುಕ್ಕಾಲು ಪಾಲು ಏರುತ್ತದೆ. ಪೂರ್ವದ ಕಾಡುಗಳಲ್ಲಿ ಸಣ್ಣ ಬಾಯಿಯ ಕೋವಿಯಿಂದ ಜಿಂಕೆ ಹೊಡೆಯುತ್ತಿದ್ದವರು ಪಶ್ಚಿಮದ ಬಯಲಿಗೆ, ಕಾಡೆಮ್ಮೆ ಕರಡಿಗಳ ನಾಡಿಗೆ ಹೊರಟಾಗ ಸೇಂಟ್ ಲೂಯಿಸ್‌ನ ಹಾಕೆನ್ ಸಹೋದರರು ಮಾಡುತ್ತಿದ್ದ ದಪ್ಪ ನಳಿಗೆಯ, ದೊಡ್ಡ ಗುಂಡಿನ ರೈಫಲ್ ಹುಡುಕಿದ್ದು ಇದೇ ಕಾರಣಕ್ಕೆ. ಜಿಂಕೆಗೆ 50 ಸಾಕು. 54 ಇದ್ದರೆ ಇನ್ನೂ ಒಳ್ಳೆಯದು ಎನ್ನುವವರ ಪಕ್ಷ ನನ್ನದು.

ಇನ್ನು ಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಹಳೆಯ ಕರಿಮದ್ದೇ ಇದು. ಈಗಿನ ತೋಟಾಗಳಲ್ಲಿರುವ ಹೊಗೆಯಿಲ್ಲದ ಮದ್ದನ್ನು ಇಂಥ ಕೋವಿಗೆ ಹಾಕಿದರೆ ನಳಿಗೆ ಸಿಡಿದು ಕೈ, ಕಣ್ಣು ಹೋಗಬಹುದು. ಈ ಒಂದು ವಿಷಯದಲ್ಲಿ ಯಾರೂ ರಿಯಾಯಿತಿ ಕೊಡುವುದಿಲ್ಲ. ಕರಿಮದ್ದಿನ ಹರಳಿನ ಗಾತ್ರವನ್ನು ಎಫ್ ಅಕ್ಷರದಿಂದ ಗುರುತಿಸುತ್ತಾರೆ. ಎಫ್ ಹೆಚ್ಚಿದಷ್ಟೂ ಹರಳು ಸಣ್ಣದು, ಉರಿಯುವುದು ಚುರುಕು. ದೊಡ್ಡ ಬಾಯಿಯ ಕೋವಿಗೆ ಎರಡು ಎಫ್, 45 ಮತ್ತು ಅದಕ್ಕಿಂತ ಚಿಕ್ಕದಕ್ಕೆ ಮೂರು ಎಫ್, ಚಕಮಕಿಯ ಕಿಡಿ ಬೀಳುವ ಪುಟ್ಟ ಬಟ್ಟಲಿಗೆ ನಾಲ್ಕು ಎಫ್ ಎಂಬುದು ವಾಡಿಕೆ. 50 ಕ್ಯಾಲಿಬರ್‌ನ ನಳಿಗೆಗೆ ಎರಡು ಎಫ್, ಮೂರು ಎಫ್ ಎರಡೂ ನಡೆಯುತ್ತವೆ, ಅದರ ಬಗ್ಗೆ ಜಗಳವೂ ನಡೆಯುತ್ತಲೇ ಇರುತ್ತದೆ.

ಎಷ್ಟು ಹಾಕಬೇಕು? ಗುಂಡನ್ನು ಅಂಗೈ ಮೇಲಿಟ್ಟು ಅದು ಮುಚ್ಚುವವರೆಗೆ ಮದ್ದು ಸುರಿ ಎಂಬ ಹಳಬರ ಸೂತ್ರವೊಂದಿದೆ. ಕೇಳಲು ಚೆಂದ, ಆದರೆ ಅಂಗೈಯ ಗುಳಿ ಎಲ್ಲರದೂ ಒಂದೇ ಅಲ್ಲ. ಕ್ಯಾಲಿಬರ್ ಎಷ್ಟೋ ಅಷ್ಟು ಗ್ರೇನ್‌ನಿಂದ ಶುರುಮಾಡುವುದು ಬಲ್ಲವರ ದಾರಿ. 50ರ ಕೋವಿಗೆ 50 ಗ್ರೇನ್. ಅಳತೆಯ ಕೊಳವೆಯಲ್ಲಿ ಅಳೆದು, 50 ಗಜ ದೂರದ ಗುರಿಹಾಳೆಗೆ ಮೂರೋ ಐದೋ ಗುಂಡು ಹೊಡೆದು, ತೂತುಗಳು ಎಷ್ಟು ಒತ್ತಾಗಿ ಬಿದ್ದಿವೆ ನೋಡಬೇಕು. ಆಮೇಲೆ ಐದೈದು ಗ್ರೇನ್ ಏರಿಸುತ್ತಾ ಹೋಗಬೇಕು. ತೂತುಗಳು ಹತ್ತಿರ ಹತ್ತಿರ ಬರುತ್ತವೆ, ಒಂದು ಹಂತದಲ್ಲಿ ಗುಂಪುಗೂಡುತ್ತವೆ, ಅದನ್ನು ದಾಟಿದರೆ ಮತ್ತೆ ಚದುರುತ್ತವೆ. ಆ ಗುಂಪಿನ ಅಳತೆಯೇ ಆ ಕೋವಿಯ ಅಳತೆ. ಒಂದೇ ಅಂಗಡಿಯಲ್ಲಿ ಕೊಂಡ ಎರಡು ಕೋವಿಗಳಿಗೂ ಅದು ಬೇರೆಬೇರೆ ಇರಬಹುದು. ತಯಾರಕರು ಹೇಳಿದ ಗರಿಷ್ಠ ಮಿತಿ ದಾಟುವ ಪ್ರಶ್ನೆಯೇ ಇಲ್ಲ, ದಾಟಿದರೆ ಲಾಭವೂ ಇಲ್ಲ. ಕರಿಮದ್ದು ಉರಿದಾಗ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ, ಹೊಗೆ ಮಸಿಯಾಗಿ ಉಳಿಯುತ್ತದೆ. ಏರಿಸಿದ ಮದ್ದಿನಿಂದ ಬರುವುದು ಒದೆತ, ಹೊಗೆ ಮತ್ತು ತುಸುವೇ ವೇಗ. ಆ ವೇಗವನ್ನೂ ದುಂಡು ಗುಂಡು ಗಾಳಿಗೆ ಬೇಗ ಒಪ್ಪಿಸಿಬಿಡುತ್ತದೆ.

ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಹೊಡೆದಾದ ಮೇಲೆ ಬಟ್ಟೆಚೂರು ಹುಡುಕುವ ಕೆಲಸ. ಗುಂಡಿನ ಜೊತೆ ಹೊರಬಿದ್ದ ಬಟ್ಟೆ ನಾಲ್ಕಾರು ಹೆಜ್ಜೆ ಮುಂದೆ ನೆಲದ ಮೇಲೆ ಬಿದ್ದಿರುತ್ತದೆ. ಅನುಭವಿ ಮೊದಲು ಗುರಿಹಾಳೆಯತ್ತ ನಡೆಯುವುದಿಲ್ಲ, ಇದನ್ನು ಹೆಕ್ಕುತ್ತಾನೆ. ನಡುವೆ ಮಸಿ, ಅಂಚಿನಲ್ಲಿ ಸ್ವಲ್ಪ ಎಳೆ ಬಿಟ್ಟು ಮಿಕ್ಕಂತೆ ಇಡಿಯಾಗಿದ್ದರೆ ಎಲ್ಲ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಅಥವಾ ಜಿಡ್ಡು ಸಾಲದು, ಅಥವಾ ಮದ್ದು ಅತಿ. ಕತ್ತರಿಸಿದಂತೆ ಸೀಳಿದ್ದು, ಸೀಳುಗಳು ಗೀರುಗಳ ಲೆಕ್ಕಕ್ಕೆ ಹೊಂದಿದರೆ ನಳಿಗೆಯ ಅಂಚು ಹರಿತವಾಗಿದೆ ಎಂದರ್ಥ. ಹೊಸ ಕೋವಿಯಲ್ಲಿ ಇದು ಸಾಮಾನ್ಯ, ನಯಗೊಳಿಸಿದರೆ ಹೋಗುತ್ತದೆ. ಜಿಡ್ಡಿಗೆ ಜೇನುಮೇಣ, ಆಲಿವ್ ಎಣ್ಣೆ, ಹಿಂದಿನವರ ಕರಡಿ ಕೊಬ್ಬು, ಏನೂ ಆದೀತು. ಪೆಟ್ರೋಲಿಯಂ ಎಣ್ಣೆ ಮಾತ್ರ ಬೇಡ, ಅದು ಕರಿಮದ್ದಿನ ಮಸಿಯೊಂದಿಗೆ ಸೇರಿ ಡಾಂಬರಿನಂತೆ ಅಂಟುತ್ತದೆ.

ದುಂಡು ಗುಂಡು ಬಿಟ್ಟು ಮೊನೆಯುಳ್ಳ ಉದ್ದ ಗುಂಡು ಹಾಕಬಾರದೇ? ಹಾಕಬಹುದು, ಕೋವಿ ಒಪ್ಪಿದರೆ. 66 ಅಂಗುಲಕ್ಕೆ ಒಂದು ಸುತ್ತು ತಿರುಗುವ ನಿಧಾನದ ಸುರುಳಿ ದುಂಡು ಗುಂಡಿಗೆ ಹೇಳಿ ಮಾಡಿಸಿದ್ದು. ಉದ್ದ ಗುಂಡಿಗೆ ಇನ್ನಷ್ಟು ತಿರುಗು ಬೇಕು, ಇಲ್ಲವಾದರೆ ಅದು ಪಲ್ಟಿ ಹೊಡೆಯುತ್ತದೆ. ಥಾಮ್ಸನ್ ಸೆಂಟರ್ ಕಂಪನಿ ತನ್ನ ಹಾಕೆನ್ ಮಾದರಿಗೆ 48 ಅಂಗುಲದ ಸುರುಳಿ ಕೊಟ್ಟು ಎರಡನ್ನೂ ನಡೆಸಿತು. ಅದರ 50 ಕ್ಯಾಲಿಬರಿನ ಮ್ಯಾಕ್ಸಿ-ಬಾಲ್ 370 ಗ್ರೇನ್, ದುಂಡು ಗುಂಡಿನ ಎರಡರಷ್ಟಕ್ಕಿಂತ ಹೆಚ್ಚು ತೂಕ. ದೂರದಲ್ಲೂ ಅದರ ಬಲ ಉಳಿಯುತ್ತದೆ, ನಿಜ. ಆದರೆ ಒದೆತ ಜೋರು, ಮತ್ತು ಬಟ್ಟೆಯ ಹಿಡಿತವಿಲ್ಲದ ಗುಂಡು ಕೋವಿ ತಲೆಕೆಳಗಾಗಿ ನೇತಾಡಿದಾಗ ಮದ್ದಿನಿಂದ ಮುಂದಕ್ಕೆ ಜಾರಬಹುದು. ಗುಂಡಿಗೂ ಮದ್ದಿಗೂ ನಡುವೆ ಅಂತರ ಬಿದ್ದರೆ ನಳಿಗೆ ಉಬ್ಬುತ್ತದೆ, ಸಿಡಿಯಲೂಬಹುದು. ಅದಕ್ಕೇ ಜಡಿಯುವ ಕೋಲಿನ ಮೇಲೆ ಒಂದು ಗುರುತು ಕೊರೆದಿರುತ್ತಾರೆ. ಗುಂಡು ಸರಿಯಾಗಿ ಕೂತಿದ್ದರೆ ಗುರುತು ನಳಿಗೆಯ ಬಾಯಿಗೆ ಸಮನಾಗಿರುತ್ತದೆ, ಮೇಲಿದ್ದರೆ ಹೊಡೆಯುವಂತಿಲ್ಲ.

ಇಷ್ಟೆಲ್ಲ ಮಾಡಿ ಕಾಡಿನಲ್ಲಿ ಕೂತವನು ಜಿಂಕೆ ಪಕ್ಕೆ ತಿರುಗಿಸಿ ನಿಲ್ಲುವವರೆಗೆ ಕಾಯುತ್ತಾನೆ. ಭುಜದ ಹಿಂದೆ, ಶ್ವಾಸಕೋಶದ ಜಾಗ. ದುಂಡು ಗುಂಡಿಗೆ 75 ಗಜದೊಳಗೆ ಎಂಬುದು ವಿವೇಕಿಗಳ ಮಿತಿ. ಅದರಾಚೆ ಗುಂಡು ತಾಗಬಹುದು, ಆದರೆ ಗಾಯವಾದ ಜಿಂಕೆ ನರಳುತ್ತಾ ಓಡುವ ಸಂಭವ ಹೆಚ್ಚು. ಮಳೆ ಹಿಮದಲ್ಲಿ ಚಕಮಕಿಯ ಭಾಗಕ್ಕೆ ಎಣ್ಣೆ ಹಚ್ಚಿದ ತೊಗಲಿನ ಮುಸುಕು ಕಟ್ಟುತ್ತಾರೆ, ಬಟ್ಟಲಿನ ಮದ್ದನ್ನು ಆಗಾಗ ಚೆಲ್ಲಿ ಹೊಸತು ಹಾಕುತ್ತಾರೆ. ಸಂಜೆ ಬೇಟೆ ಸಿಗದೆ ಮರಳಿದರೆ ನಳಿಗೆಯಲ್ಲಿ ಮದ್ದು ಹಾಗೇ ಇದ್ದ ಕೋವಿಯನ್ನು ಬೆಚ್ಚಗಿನ ಮನೆಯೊಳಗೆ ತರುವುದಿಲ್ಲ. ತಣ್ಣಗಾದ ಉಕ್ಕು ಬೆವರಿ ಮದ್ದು ಒದ್ದೆಯಾಗುತ್ತದೆ. ಹೆಚ್ಚಿನವರು ಕಾಡಂಚಿನಲ್ಲೇ ಮೆತ್ತನೆ ಮಣ್ಣಿಗೆ ಹೊಡೆದು ಖಾಲಿ ಮಾಡುತ್ತಾರೆ, ಮನೆಗೆ ಬಂದು ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿ ಇಡುತ್ತಾರೆ. ಉಳಿದ ಮಸಿ ಗಾಳಿಯ ತೇವ ಹೀರುವುದರಿಂದ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯಲು ಶುರುವಾಗುತ್ತದೆ.